ಬಾಕಿ

ಲ್ಯಾಮಿಂಗ್ಟನ್ ರೋಡು, ಮೂರನೇ ಮಹಡಿ.
ಪಂಖ ತಿರುಗುತ್ತದೆ, ಗಾಳಿ ಬರುವುದಿಲ್ಲ.
ಬೆಸುಗೆಯ ಹೊಗೆ, ಮುಫದ್ದಲ್ ಭಾಯಿಯ ಏಲಕ್ಕಿ ಚಹಾ,
ಕೆಳಗೆ ಹಾರ್ನು ಹೊಡೆದೇ ದಣಿದ ಟ್ಯಾಕ್ಸಿಗಳು.

ಶರಯೂ ಗಾವಸ್ ಬಂದಳು, ಡಬ್ಬಿ ಎದೆಗವಚಿಕೊಂಡು.
ಮದುವೆ ವಿಡಿಯೊ ಕತ್ತರಿಸಿ ಜೋಡಿಸುವವಳು,
ಗಿರಗಾಂವದ ಚಾಳಿನಲ್ಲಿ
ಒಲೆಗೂ ಹಾಸಿಗೆಗೂ ನಡುವೆ ಅವಳ ಸ್ಟುಡಿಯೊ.
"ನಿಧಾನ ಆಗಿದೆ. ಹೊಸ ಮೆಮೊರಿ ಹಾಕಿ.
ದೊಡ್ಡ ನಂಬರಿನದು."

ಮುಫದ್ದಲ್ ಭಾಯಿ ಆಗಲೇ ಗಾಜಿನ ಮೇಲೆ ಪೊಟ್ಟಣ ಇಟ್ಟ:
ಮೂರು ಸಾವಿರದ ಆರುನೂರು, ಕೆಂಪಕ್ಷರದಲ್ಲಿ.

ದೊಡ್ಡ ನಂಬರಿನ ಮಗ್ಗುಲಲ್ಲೊಂದು ಸಣ್ಣದಿರುತ್ತದೆ, ತಾಯಿ,
ಯಾರೂ ಓದುವುದಿಲ್ಲ. ಅದು ಕಾಯುವ ನಂಬರು.
ನಿಮ್ಮ ಚಾಳನ್ನೇ ನೋಡಿ, ಟಪಾಲಿನವ ಬಂದ.
ಸಾಲಿನ ಗೇಟು ತೆಗೆಯಬೇಕು, ಖೋಲಿ ಎಣಿಸಬೇಕು,
ಬೇರೆ ಸಾಲಿಗೆ ಹೋಗುವ ಮುಂಚೆ ಈ ಗೇಟು ಮುಚ್ಚಬೇಕು.
ಒಂದೊಂದಕ್ಕೂ ಇಷ್ಟು ತಾಳ ಅಂತ ಲೆಕ್ಕ.
ತಾಳ ಚುರುಕಾದಷ್ಟೇ ಎಣಿಕೆಯೂ ಬೆಳೆದರೆ?
ನಿಮ್ಮ ಮೂರು ಸಾವಿರದ ಇನ್ನೂರಕ್ಕೆ ಹದಿನಾರು,
ಈ ಆರುನೂರಕ್ಕೆ ಹದಿನೆಂಟು,
ಕದ ತೆರೆಯುವುದು ಎರಡೂ ಹತ್ತೇ ನ್ಯಾನೊಸೆಕೆಂಡಿಗೆ.
ಇವನು ಹೆಚ್ಚು ಹೊರೆ ತರುತ್ತಾನೆ, ನಿಜ;
ಮೊದಲ ಕಾಗದ ಕೈಗೆ ಬರುವ ಹೊತ್ತು ಅದೇ.
ಫಾಸ್ಟ್ ಲೋಕಲ್ ಎಷ್ಟು ಓಡಿದರೇನು,
ಬ್ರಿಜ್ಜಿನ ಮೇಲೆ ಜನರ ನಡುವೆ ಸಿಕ್ಕಿಬಿದ್ದದ್ದೂ ಪ್ರಯಾಣವೇ.

"ಅಂದರೆ ಮಾರುವುದಿಲ್ಲ ಅಂತೀರಾ?"
ಮುಫದ್ದಲ್ ಭಾಯಿ ಕೆಮ್ಮಿದ.

ಡಬ್ಬಿ ಬಿಚ್ಚಿದೆ.
ವೈರಿಗೆ ಹಸಿರು ಟೇಪು ಸುತ್ತುವವನು ಈ ಗಲ್ಲಿಯಲ್ಲಿ ನಾನೊಬ್ಬನೇ.
ಎರಡು ವರ್ಷದ ಹಿಂದೆ ನಾನೇ ಜೋಡಿಸಿದ್ದು.
ಡಿಲೀಟ್ ಒತ್ತಿ ಒಳಹೊಕ್ಕೆ. ನೀಲಿ ಪರದೆ:
ಎರಡು ಸಾವಿರದ ನೂರಾ ಮೂವತ್ತಮೂರು.

ಒಂದು ಸಾಲು, ಒಂದು ಎಂಟರ್, ಅಂದು ಒತ್ತಿರಲಿಲ್ಲ.
ಅನಂತ ಚತುರ್ದಶಿ. ರೋಡು ಬಂದಾಗುವ ಮೊದಲು
ಮನೆ ಮುಟ್ಟುವ ಅವಸರ.
ಇನ್ನೂರಕ್ಕೆ ಹಣ ಎಣಿಸಿದವಳು
ಎರಡು ವರ್ಷ ಹದಿನಾಲ್ಕು ನ್ಯಾನೊಸೆಕೆಂಡಿನ ಕದ ತಟ್ಟುತ್ತ ಕೂತಿದ್ದಳು.

ಬಾಯಿ ಬಿಡಲಿಲ್ಲ. "ಇವತ್ತು ಇಲ್ಲೇ ಇರಲಿ" ಅಂದೆ.

ರಾತ್ರಿ, ಶಟರ್ ಅರ್ಧ ಎಳೆದು, ಮರೆತ ಆ ಎಂಟರ್ ಒತ್ತಿದೆ.
ಅಷ್ಟಕ್ಕೆ ನಿಲ್ಲಲಿಲ್ಲ. ಹದಿನಾರನ್ನು ಹದಿನಾಲ್ಕು ಮಾಡಿದೆ,
ಬಡ್ಡಿ ಸೇರಿಸಿ ತೀರಿಸುವವನ ಹಾಗೆ.
ಎರಡು ನಲವತ್ತಕ್ಕೆ ಪರೀಕ್ಷೆಯಲ್ಲೊಂದು ಕೆಂಪು ಗೆರೆ.
ಒಂದೇ ಬಿಟ್ಟು, ಸೊನ್ನೆ ಇರಬೇಕಾದಲ್ಲಿ ಒಂದು.
ಯಾರದೋ ಮದುವೆಯಲ್ಲಿ, ಮದುಮಗಳ ಹಣೆಯ ಮೇಲೆ
ಹಸಿರು ಚುಕ್ಕೆಯಾಗಿ ಕೂರುತ್ತಿತ್ತೇನೊ.
ಹದಿನಾರಕ್ಕೇ ಮರಳಿದೆ. ಬೆಳಗಿನವರೆಗೆ ಎಲ್ಲ ತೆಪ್ಪಗೆ.

ಮರೆಯುವುದೇ ಈ ನೆನಪಿನ ಜಾತಿ:
ಅರವತ್ತನಾಲ್ಕು ಮಿಲಿಸೆಕೆಂಡಿಗೊಮ್ಮೆ
ಪ್ರತಿ ಸಾಲನ್ನೂ ಓದಿ ತಿರುಗಿ ಬರೆಯದಿದ್ದರೆ ಸೋರಿಹೋಗುತ್ತದೆ.
ನನ್ನದು ಸೋರಲಿಲ್ಲ. ಗೋಣಿ ಹಾಸಿ ಮಲಗಿದರೂ ಸೋರಲಿಲ್ಲ.

ಬೆಳಿಗ್ಗೆ ಅವಳದೇ ಒಂದು ಮದುವೆ ಓಡಿಸಿದೆ.
ನಲವತ್ತೈದು ನಿಮಿಷ ಹಿಡಿಯುತ್ತಿದ್ದದ್ದು ನಲವತ್ತೊಂದು.
ಅಷ್ಟೇ. ಬಹುಪಾಲು ದುಡಿಮೆ ಪ್ರೊಸೆಸರಿನದು,
ಮೆಮೊರಿ ಪವಾಡ ಮಾಡುವುದಿಲ್ಲ.

"ಈ ಎರಡು ವರ್ಷದಲ್ಲಿ ಎಷ್ಟು ಮದುವೆ ಆದವು?"
"ನೂರಾ ಹತ್ತು. ಯಾಕೆ?"
ಹಳೇ ಬಿಲ್ಲಿನ ಬೆನ್ನಿಗೆ ಗುಣಿಸಿದೆ:
ಏಳು ಗಂಟೆ ಇಪ್ಪತ್ತು ನಿಮಿಷ.

ಅಕ್ಕಲಕೋಟದ ನಮ್ಮಜ್ಜಿ ಅನ್ನುತ್ತಿದ್ದಳು,
ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ.
ಇಲ್ಲಿ ಕೊಟ್ಟವಳಿದ್ದಾಳೆ, ಇಸಗೊಂಡವನೇ ಇಲ್ಲ.
ಆ ಹೊತ್ತು ನನ್ನ ಕಿಸೆಗೂ ಬರಲಿಲ್ಲ,
ಮುಫದ್ದಲ್ ಭಾಯಿಯ ಗಲ್ಲೆಗೂ ಬೀಳಲಿಲ್ಲ.

"ತಪ್ಪು ನನ್ನದು" ಅಂದು ಲೆಕ್ಕ ತೋರಿಸಿದೆ.
ಅವಳು ಬಿಲ್ಲು ನೋಡಿದಳು, ನನ್ನ ನೋಡಿದಳು,
ಬೈಯುತ್ತಾಳೆ ಅಂದುಕೊಂಡೆ.
"ಆ ಕೊನೇ ನಾಲ್ಕು ನಿಮಿಷದಲ್ಲೇ
ಕಿಟಕಿ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದೆ" ಅಂದಳು.
"ಇನ್ನು ಅದೂ ಇಲ್ಲ."

ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಳು.
ಬಿಲ್ಲು ಪುಸ್ತಕ ತೆರೆದು, ಬಾಕಿ ಅನ್ನುವ ಕಾಲಮ್ಮಿನಲ್ಲಿ
ಏನು ಬರೆಯುವುದೋ ತಿಳಿಯದೆ
ಮುಫದ್ದಲ್ ಭಾಯಿ ಪೆನ್ನು ಹಿಡಿದು ಕೂತಿದ್ದ.