ಕೆನ್ನೆಯ ತುಂಡು

ಶಾಮ್ ಶುಯಿ ಪೋ ಪೇಟೆಯಲ್ಲಿ
ಮೀನಿನವನ ಹೆಬ್ಬೆರಳು ತಕ್ಕಡಿಯ ಮೇಲೆ
ತುಸು ಹೆಚ್ಚೇ ಹೊತ್ತು ಕೂತಿತ್ತು.
ಲಾಯ್‌ಕಿಂಗ್ ಅಜ್ಜಿ ಕೊಡೆಯ ತುದಿಯಿಂದ ತಟ್ಟಿದಳು:
"ಮೋ ಯಮ್ ಗುಂಗ್!"
ಅವನು ನಕ್ಕ, ಬೆರಳು ತೆಗೆದ.

ಹಲಗೆಯ ಮೇಲೆ ಸೀಳಿದ ಮೀನು.
ಮೈ ಎರಡಾದರೂ ಅದರ ಗುಂಡಿಗೆ,
ಕಡಲೆಕಾಳಿನಷ್ಟು, ಬಡಿಯುತ್ತಲೇ ಇತ್ತು.
ಅಜ್ಜಿ ಬಗ್ಗಿ ನೋಡಿ, ದನಿ ತಗ್ಗಿಸಿ ಅಂದಳು
ಅದೇ ಮಾತು.

ನಾನು ಜಾವಾದ ವೊನೊಸೋಬೊದವಳು. ನಮ್ಮಲ್ಲಿ
ಬೈಯಲು ಒಂದು ಮಾತು, ಮರುಗಲು ಇನ್ನೊಂದು.
ಲಿಫ್ಟಿನಲ್ಲಿ ಅರ್ಥ ಕೇಳಿದೆ.
ಯಾರಿಗೂ ಕಾಣದ ಹಾಗೆ ಕೂಡಿಟ್ಟ ಪುಣ್ಯ ಇರುತ್ತದಲ್ಲ,
ಅದು ಇಲ್ಲ ಅಂತ, ಅಂದಳು.
ಯಾರಿಗೆ ಇಲ್ಲ? ಮೀನಿಗೋ, ಕೊಯ್ದವನಿಗೋ?
ಏಳನೇ ಮಹಡಿ ಬಂತು.
ಚೀಟಿಯಲ್ಲಿ ಬರೆದುಕೊಂಡೆ: ಪಾಪ.
ಬರೆದ ಮೇಲೂ ಗೊತ್ತಾಗಲಿಲ್ಲ
ಮಾಡಿದವರದೋ, ಪಟ್ಟವರದೋ.

ಏಜೆನ್ಸಿಯ ಕಂತು ಇನ್ನೂ ಎರಡು ಬಾಕಿ.
ಚಿಲ್ಲರೆಯಲ್ಲಿ ಇಪ್ಪತ್ತರ ನೋಟೊಂದು
ನನ್ನ ಕಿಸೆಯಲ್ಲೇ ಉಳಿದಿತ್ತು. ಉಳಿದಿತ್ತು ಅನ್ನುತ್ತೇನೆ;
ಉಳಿಸಿದವಳು ನಾನೇ.

ರಾತ್ರಿ ಅಜ್ಜಿ ದುಡ್ಡು ಎಣಿಸಿದಳು. ಮತ್ತೆ ಎಣಿಸಿದಳು.
ನನ್ನ ಕಡೆ ನೋಡಿ,
ತಕ್ಕಡಿಯ ಮುಂದಿನ ದನಿಯಲ್ಲೂ ಅಲ್ಲ,
ಹಲಗೆಯ ಮುಂದಿನ ದನಿಯಲ್ಲೂ ಅಲ್ಲ,
"ಮೋ ಯಮ್ ಗುಂಗ್" ಅಂದಳು.

ಆಮೇಲೆ ಚಾಪ್‌ಸ್ಟಿಕ್ಕಿನಿಂದ ಮೀನಿನ ಕೆನ್ನೆ ಬಿಡಿಸಿ,
ತಾನು ಯಾರಿಗೂ ಕೊಡದ ತುಂಡು,
ನನ್ನ ಬಟ್ಟಲಿಗೆ ಹಾಕಿದಳು.
ಶುಂಠಿಯ ಎಳೆ ಅಂಟಿತ್ತು.
ನುಂಗಲು ಬಹಳ ಹೊತ್ತು ಹಿಡಿಯಿತು.