ನಾನೂರ ಎಂಬತ್ತು

ದಂಡಕೋಶಗಳು ಸತ್ತು ಇಪ್ಪತ್ತು ವರ್ಷ, ಶಂಕುಕೋಶಗಳು ಸತ್ತು ಹನ್ನೊಂದು,
ಹಾಗಂತ ಕಡತದಲ್ಲಿದೆ.
ಅಂಡಾರಸ್ ಅಜ್ಜನ ಲೆಕ್ಕ ಬೇರೆ:
ಮೊದಲು ಸಂಜೆ ಹೋಯಿತಂತೆ. ಆಮೇಲೆ ಹಿಂಡಿನ ಅಂಚು.
ಕಟ್ಟಕಡೆಗೆ ಮೊಮ್ಮಗಳ ಟೋಪಿಯ ಕೆಂಪು.

ಟ್ರೊಮ್ಸೊದಿಂದ ದೀಪದ ಪೆಟ್ಟಿಗೆ ಹೊತ್ತು ಬಂದವಳು ನಾನು.
ಕೌಟೊಕೈನೊದಲ್ಲಿ ಜನವರಿಯ ಮೊದಲ ವಾರ,
ಸೂರ್ಯನ ಮುಖ ಕಾಣಲು ಇನ್ನೂ ದಿನಗಳಿವೆ.
ಅಡುಗೆಮನೆಯ ಕಿಟಕಿಗೆ ಕಂಬಳಿ ಬಡಿದೆವು, ಇಂಗಾ ಮತ್ತು ನಾನು.
ಕೆಂಡ ಕಾಣದ ಹಾಗೆ ಒಲೆಯ ಬಾಯಿ ಮುಚ್ಚಿದೆವು.
ಕಾಫಿ ಮಾತ್ರ ಒಲೆಯ ಮೇಲೇ ಉಳಿಯಿತು.

ಆರುನೂರ ಮೂವತ್ತು ನ್ಯಾನೋಮೀಟರ್.
"ಏನಾದರೂ?"
"ಏನಿಲ್ಲ."
ಐನೂರ ಮೂವತ್ತು, ಜೂನ್ ತಿಂಗಳ ಎಳೆಹುಲ್ಲು.
"ಏನಿಲ್ಲ. ಕಾಫಿ ಉಕ್ಕುತ್ತಿದೆ, ನೋಡು."
ಉಕ್ಕುತ್ತಿತ್ತು.

ನಾನೂರ ಎಂಬತ್ತು.
"ಏನಿಲ್ಲ" ಅಂದ ಅಜ್ಜ.
ಆದರೆ ನನ್ನ ಪರದೆಯಲ್ಲಿ ಅವನ ಪಾಪೆ
ಕುಗ್ಗತೊಡಗಿತ್ತು, ಅವಸರವಿಲ್ಲದೆ,
ಮಲಗುವ ಮುಂಚೆ ಸುತ್ತಿ ಸುತ್ತಿ
ಹಿಮ ತುಳಿದು ಹದಮಾಡಿಕೊಳ್ಳುವ ನಾಯಿಯ ಹಾಗೆ.
ದೀಪ ಆರಿಸಿದೆ. ಅರೆನಿಮಿಷ ಕಳೆದರೂ
ಅದು ಎದ್ದು ಹೊರಡಲಿಲ್ಲ.

ಅಕ್ಷಿಪಟಲದಲ್ಲಿ ಇನ್ನೂ ಕೆಲವು ಸಾವಿರ ಉಳಿದಿವೆ.
ಅವಕ್ಕೆ ಚಿತ್ರ ಬೇಡ, ಮುಖ ಬೇಡ, ಯಾರು ಏನೆಂಬ ಗೊಡವೆಯೇ ಬೇಡ.
ಬಂದ ನೀಲಿಯನ್ನು ಎಣಿಸುತ್ತವೆ,
ಎಣಿಸಿದ್ದನ್ನು ಹೋಗಿ ನಿದ್ದೆಗೆ ಹೇಳುತ್ತವೆ, ಎಚ್ಚರಕ್ಕೆ ಹೇಳುತ್ತವೆ.
ಕಣ್ಣಿನ ಒಡೆಯನಿಗೊಬ್ಬನಿಗೆ ಹೇಳುವುದಿಲ್ಲ.

"ಇನ್ನೊಮ್ಮೆ ಹಾಕು" ಅಂದ. ಹಾಕಿದೆ.
ತುಸು ಹೊತ್ತು ಸುಮ್ಮನಿದ್ದ.
"ಕಾಣುವುದಿಲ್ಲ. ಆದರೆ ಯಾರೋ ಬಾಗಿಲಲ್ಲಿ ನಿಂತಿದ್ದಾರೆ,
ಒಳಗೆ ಬಾ ಅನ್ನದೆ ಕೂತಿದ್ದೇನೆ, ಹಾಗೆ."

ಆಮೇಲೆ ಕೇಳದೆಯೇ ಹೇಳಿದ:
ಕಣಿವೆಗೆ ವಿದ್ಯುತ್ ತಂತಿ ಎಳೆದ ವರ್ಷ
ಹಿಮಸಾರಂಗಗಳು ತಂತಿ ದಾಟಲಿಲ್ಲ.
ಇಂಜಿನಿಯರು ಬಂದ, ಕತ್ತಲಲ್ಲಿ ಕತ್ತೆತ್ತಿ ನೋಡಿದ,
ಇಲ್ಲೇನೂ ಇಲ್ಲವಲ್ಲ ಎಂದು ನಕ್ಕ.
"ಆಗ ನನಗೂ ಕಣ್ಣಿತ್ತು. ನಾನೂ ನಕ್ಕೆ.
ಮುಂದಿನ ಹೆಣ್ಣುಸಾರಂಗಕ್ಕೆ ಕೋಲಿನಿಂದ ಬಾರಿಸಿದೆ ಕೂಡ."

ಅವನಿಗೆ ಹೇಳಿದೆ, ತಂತಿಯಿಂದ ಅತಿನೇರಳೆ ಚಿಮ್ಮುತ್ತದೆ.
ನಮ್ಮ ಮಸೂರ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ,
ಅವುಗಳದು ತಡೆಯುವುದಿಲ್ಲ.
ಬೆಳ್ಳಗಿನ ತೋಳವೂ ಅವಕ್ಕೆ ಹಿಮದ ಮೇಲೆ ಕಪ್ಪು.
ನೀವು ಬಾರಿಸಿ ಅಟ್ಟಿದ್ದು
ಉರಿಯುವ ಬೇಲಿಯ ಕಡೆಗೆ.

ಅಜ್ಜ ಲೋಟ ಕೆಳಗಿಟ್ಟ.
"ಅವಳ ಕಿವಿಯ ಗುರುತು ಈಗಲೂ ನೆನಪಿದೆ" ಅಂದ.
ಬೇರೇನೂ ಅನ್ನಲಿಲ್ಲ.

ಹನ್ನೊಂದು ಗಂಟೆಗೆ ಇಂಗಾ ಕಂಬಳಿ ಕಿತ್ತಳು.
ಹೊರಗೆ ನೀಲಿ, ಗುಡ್ಡದ ಬುಡದಿಂದ ನಮ್ಮ ಮೆಟ್ಟಿಲವರೆಗೂ.
ಬೂಟಿನ ದಾರ ಕಟ್ಟದೆ ಅಜ್ಜ ನಡೆದುಹೋದ,
ದಕ್ಷಿಣಕ್ಕೆ ತಿರುಗಿದ, ಯಾರೂ ತಿರುಗಿಸಬೇಕಾಗಲಿಲ್ಲ.
ಬೀಳದಂತೆ ಹಿಡಿಯಲು ಇಂಗಾ ಹಿಂದೆಯೇ ಓಡಿದಳು.

ಆ ಬೆಳಕಲ್ಲಿ ಅವಳ ಟೋಪಿಯ ಕೆಂಪು
ನನಗೂ ಕಾಣಲಿಲ್ಲ.