ಏಳಾಗಬೇಕಿದ್ದ ಒಂದು

ಗಾಳಿ ಬಂದಾಗ ತೂರಿಕೋ ಎನ್ನುವ ಮಾತು
ತ್ರಿಯೆಸ್ತೆಯಲ್ಲಿ ನಡೆಯದು.
ಇಲ್ಲಿ ಬೋರಾ ಬೀಸಿದರೆ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ ಹಿಂದೆ
ಮನುಷ್ಯರು ಹಿಡಿದು ನಡೆಯಲಿಕ್ಕೆ.
ಕೊಡೆಗಳಿಗೆ ಯಾವ ಹಗ್ಗವೂ ಇಲ್ಲ.
ಬೆಳಗಾದರೆ ಕಸದ ತೊಟ್ಟಿಗಳಲ್ಲಿ
ಕಾಲು ಮೇಲಾಗಿ ಬಿದ್ದಿರುತ್ತವೆ,
ರಾತ್ರಿಯ ಕುಡುಕರು.

ನೇವಿಯಾ ಅವನ್ನು ಹೆಕ್ಕಿ ತರುತ್ತಾಳೆ.
ಇದರ ಕಡ್ಡಿ ಅದಕ್ಕೆ, ಅದರ ಹಿಡಿ ಇನ್ನೊಂದಕ್ಕೆ.
ಮೂವತ್ತೊಂದು ವರ್ಷದ ಅಂಗಡಿ,
ಮೇಜಿನ ಮೇಲೆ ಅಪ್ಪನ ಇಕ್ಕಳ,
ಗೋಡೆಗೆ ಅವಳದೇ ಕೈಬರಹದ ಹಲಗೆ:
'ದಯವಿಟ್ಟು ನೀವೇ ರಿಪೇರಿ ಮಾಡಬೇಡಿ.
ಮಾಡಿ ತಂದರೆ ಎರಡರಷ್ಟು.'

ಜನ ತಾವೇ ಬಿಗಿದ ಗಂಟುಗಳು,
ಮೀನಿನ ದಾರ, ಬೂಟಿನ ಲೇಸು,
ಯಾರದೋ ಕೂದಲಿನ ಪಿನ್ನು,
ಎಲ್ಲವನ್ನೂ ಬೈಯುತ್ತಲೇ ಬಿಚ್ಚುತ್ತಾಳೆ.
ಬಿಚ್ಚಿದ್ದನ್ನು ಎಸೆಯುವುದಿಲ್ಲ,
ಡ್ರಾಯರಿನಲ್ಲಿ ಇಡುತ್ತಾಳೆ.
ಯಾಕೆಂದು ಕೇಳಿದರೆ ಅದಕ್ಕೂ ಬೈಗುಳ.

ಆ ಹಲಗೆಯ ಕೆಳಗೇ ಕೂತು
ಈ ಚಳಿಗಾಲ
ತನ್ನ ವೆಬ್‌ಸೈಟನ್ನು ತಾನೇ ಕಟ್ಟಲು ಹೊರಟಳು.

ಹಿಂದಿನ ಬೀದಿಯ ದೇವಾನ್ ಹೇಳಿದ್ದ,
ಎರಡು ಸಾವಿರದ ನಾನೂರು ಯೂರೋ,
ಫೋಟೋ ಸೇರಿ.
ಅವಳ ಲೆಕ್ಕ ಯೂರೋದಲ್ಲಿ ನಡೆಯುವುದಿಲ್ಲ.
ನೂರರವತ್ತು ಕೊಡೆ, ಎಂದುಕೊಂಡಳು.
ಅಷ್ಟು ಮುರಿಯಬೇಕಾದರೆ
ಎರಡು ಒಳ್ಳೆಯ ಬಿರುಗಾಳಿ ಬೇಕು.

ಐಶ್ವರ್ಯ ಬಾರದೆಯೇ
ಅರ್ಧರಾತ್ರಿಯಲ್ಲಿ ಕೊಡೆ ಹಿಡಿದು ಕೂತಳು,
ಪರದೆಯ ಮೇಲೆ.
ಪುಕ್ಕಟೆ ಸಿಕ್ಕ ಅಚ್ಚು ಯೋಗಶಾಲೆಗೆಂದು ಮಾಡಿದ್ದು;
ಅದರ ಕಮಲ ಏನು ಮಾಡಿದರೂ ಅಳಿಯಲೊಲ್ಲದು.
ಕೊನೆಗೆ ಅದರ ಮೇಲೊಂದು ಕೊಡೆ ಮುಚ್ಚಿದಳು.
ಫೋನಿನಲ್ಲಿ ನೋಡಿದರೆ ಈಗಲೂ
ಅಂಚಿನಿಂದ ಎರಡು ಎಸಳು ಇಣುಕುತ್ತವೆ.

ಬರೆದದ್ದು ಇಷ್ಟು:
'ಗಾಳಿ ಎಂಬತ್ತು ದಾಟಿದರೆ ಕೊಡೆ ಬಿಚ್ಚಬೇಡಿ.
ಟೋಪಿ ಸಾಕು.'
ಹೀಗೆ ಬರೆದು ಯಾರಾದರೂ
ವ್ಯಾಪಾರ ಮಾಡುತ್ತಾರಾ ಎಂದ ತಂಗಿಯ ಗಂಡ.
ಕೆಳಗೆ ಅಂಗಡಿಯ ನಂಬರು ಒತ್ತುವಾಗ
ನಿದ್ದೆಗಣ್ಣಿನ ಬೆರಳು
ಕೊನೆಯ ಏಳರ ಬದಲು ಒಂದನ್ನೊತ್ತಿತು.

ಮೂರು ವಾರ ಫೋನು ಸುಮ್ಮನಿತ್ತು.
ಹೊರಗೆ ಬೋರಾ ಹೆಂಚು ಕಿತ್ತು ಎಸೆಯುತ್ತಿದ್ದರೂ.

ಆಮೇಲೊಂದು ಗುರುವಾರ ಮುಜ್ಜಾ ಬಸ್ಸಿನಿಂದಿಳಿದು
ಒಬ್ಬ ಮುದುಕ ಬಂದ, ಉಲ್ದೆರಿಕೊ,
ಬಂದರಿನಲ್ಲಿ ಟಗ್‌ಬೋಟು ನಡೆಸುತ್ತಿದ್ದವನು.
ಕೈಯಲ್ಲಿ ಗೆರೆ ಎಳೆದ ನೋಟ್‌ಬುಕ್ಕು:
ಗಂಟೆ, ಗಾಳಿಯ ದಿಕ್ಕು, ಹೆಸರು,
ಮುರಿದ ಕಡ್ಡಿ ಎಷ್ಟು.
'ಹತ್ತೊಂಬತ್ತು ಜನ,' ಎಂದ.
'ಮೊದಲಿಗೆ ರಾಂಗ್ ನಂಬರ್ ಅಂದೆ.
ಆಮೇಲಾಮೇಲೆ ಅನ್ನಲಿಲ್ಲ.'

ನೇವಿಯಾ ಅಂಗಡಿಗೆ ಚಿಲಕ ಹಾಕಿ
ಹಿಂದಿನ ಬೀದಿಗೆ ಹೋದಳು.
ದೇವಾನ್ ಪುಟ ನೋಡಿದ. ನಗಲಿಲ್ಲ.
ನಗದಿದ್ದುದೇ ಅವಳಿಗೆ ಹೆಚ್ಚು ಚುಚ್ಚಿತು.
ಒಂದನ್ನು ಏಳು ಮಾಡಿದ.
ಎರಡು ರಾತ್ರಿ ಅವಳೊಡನೆ ಜಗಳವಾಡಿದ ಕಮಲ
ಅವನ ಒಂದೇ ಬೆರಳಿಗೆ
ಹೇಳದೆ ಕೇಳದೆ ಹೋಯಿತು.
'ಟೋಪಿಯ ಮಾತು ಇರಲಿ,' ಎಂದ,
'ಅದನ್ನು ನನ್ನಿಂದ ಬರೆಯಲಾಗುತ್ತಿರಲಿಲ್ಲ.'

'ಎಷ್ಟಾಯಿತು?'
ಅವನು ಮೂಲೆ ತೋರಿಸಿದ.
ಅಲ್ಲೊಂದು ಕೊಡೆ,
ಸೊಂಟ ಮುರಿದ ಕಡ್ಡಿಗೆ
ಹಳೆಯ ಚಾರ್ಜರಿನ ತಂತಿ ಸುತ್ತಿದ್ದು.
'ಅದಕ್ಕೆಷ್ಟು?'
ಅವಳ ಕೈ ಆಗಲೇ ಗಂಟು ತಡವುತ್ತಿತ್ತು.
'ನೀನೇ ಕಟ್ಟಿದ್ದಾ?'
ಹೂಂ ಎಂದ.
'ಹಾಗಾದರೆ ಎರಡರಷ್ಟು.'

ಈಗ ಫೋನು ಅಂಗಡಿಯಲ್ಲೇ ಬಡಿದುಕೊಳ್ಳುತ್ತದೆ.
ಚಾರ್ಜರಿನ ತಂತಿ ಡ್ರಾಯರು ಸೇರಿದೆ.
ಸಂಜೆ ಕದ ಎಳೆಯುವ ಮುಂಚೆ
ತನ್ನದೇ ನಂಬರನ್ನು ಒತ್ತುತ್ತಾ ಹೋಗಿ
ಕೊನೆಗೆ, ಬೇಕೆಂದೇ, ಒಂದು.

'ಗಾಳಿ ಯಾವ ಕಡೆಯಿಂದ?' ಕೇಳುತ್ತಾಳೆ.
ಅತ್ತ ಕಿಟಕಿ ತೆರೆಯುವ ಸದ್ದು.